ಸೆಕೆಗೆ ಸಿಂಪಡಿಸುವ ಬಾಟಲಿಗಳು: ಕರಾವಳಿಯ ತೋಟಕ್ಕೆ ಯಾವುದು ಸಾರ್ಥಕ, ಯಾವುದು ದಂಡ

ಫೆಬ್ರವರಿ ಕಾಲಿಟ್ಟಿತೆಂದರೆ ಮಂಗಳೂರು, ಉಡುಪಿ, ಬ್ರಹ್ಮಾವರದ ಗೊಬ್ಬರದ ಅಂಗಡಿಗಳಲ್ಲಿ ಕಪಾಟಿನ ಮುಂದಿನ ಸಾಲು ಬದಲಾಗುತ್ತದೆ. 'ಸ್ಟ್ರೆಸ್', 'ಕೂಲ್', 'ಶೀಲ್ಡ್' ಎಂಬ ಪದಗಳನ್ನು ಅಂಟಿಸಿಕೊಂಡ ಬಾಟಲಿಗಳು ಮುಂದೆ ಬರುತ್ತವೆ. ಎಲ್ಲದರ ಮೇಲೂ ಬಾಡಿದ ಗಿಡದ ಪಕ್ಕದಲ್ಲಿ ನಗುವ ಗಿಡದ ಚಿತ್ರ, ಕೆಳಗೆ 'ಆ್ಯಂಟಿ ಆಕ್ಸಿಡೆಂಟ್ ಹೆಚ್ಚಿಸುತ್ತದೆ' ಎಂಬ ಸಾಲು. ಇಲ್ಲಿನ ವಿಮರ್ಶೆ ಬ್ರ್ಯಾಂಡ್‌ಗಳದ್ದಲ್ಲ, ಬಾಟಲಿಯೊಳಗಿನ ಸಾಮಾನಿನದ್ದು. ಒಂದೇ ಸಾಮಾನು ಹತ್ತು ಹೆಸರಲ್ಲಿ ಹತ್ತು ಬೆಲೆಗೆ ಸಿಗುವಾಗ ಹೆಸರು ಹಿಡಿದು ಅಂಕ ಕೊಟ್ಟು ಪ್ರಯೋಜನವಿಲ್ಲ.

ಮೊದಲೇ ಹೇಳಿಬಿಡುವುದಾದರೆ: ಇವುಗಳಲ್ಲಿ ಅರ್ಧದಷ್ಟು ನಮ್ಮ ಹವೆಗೆ ಬೇಕಿಲ್ಲ. ಉಳಿದರ್ಧ ಕೆಲಸ ಮಾಡುತ್ತವೆ, ಆದರೆ ಹೆಚ್ಚಿನವರು ಸಿಂಪಡಿಸುವ ಹೊತ್ತಿಗೆ ಅಲ್ಲ.

ಕಾರಣ ಎಲೆಯೊಳಗಿದೆ. ಬಿಸಿಲು ಏರಿದಾಗ ಎಲೆ ಬೆಳಕನ್ನು ಹಿಡಿಯುವುದು ನಿಲ್ಲುವುದಿಲ್ಲ. ಆದರೆ ಹಿಡಿದ ಶಕ್ತಿಯಿಂದ ಸಕ್ಕರೆ ಕಟ್ಟುವ ಕೆಲಸ ನಿಧಾನವಾಗುತ್ತದೆ. ಆ ಕೆಲಸ ಮಾಡುವ ರುಬಿಸ್ಕೋ ಎಂಬ ಕಿಣ್ವವನ್ನು ಚಾಲೂ ಇಡುವ ರುಬಿಸ್ಕೋ ಆ್ಯಕ್ಟಿವೇಸ್ ಶಾಖಕ್ಕೆ ಬೇಗ ಸೋಲುವ ಪ್ರೋಟೀನು. ಕೆಲಸಕ್ಕೆ ಒದಗದೆ ಉಳಿದ ಇಲೆಕ್ಟ್ರಾನುಗಳು ಆಮ್ಲಜನಕಕ್ಕೆ ಹತ್ತಿಕೊಂಡು ಸೂಪರ್‌ಆಕ್ಸೈಡ್ ಎಂಬ ಅಪಾಯದ ವಸ್ತುವನ್ನು ಹುಟ್ಟಿಸುತ್ತವೆ. ಅದನ್ನು ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಪೆರಾಕ್ಸೈಡನ್ನು ಕ್ಯಾಟಲೇಸ್ ಮತ್ತು ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ನೀರಾಗಿಸುತ್ತವೆ. ಲೇಬಲ್ಲಿನ 'ಆ್ಯಂಟಿ ಆಕ್ಸಿಡೆಂಟ್' ಅಂದರೆ ಹೀಗೆ ಅಪಾಯ ತಗ್ಗಿಸುವ ವಸ್ತುಗಳೇ. ಈ ಸರಪಳಿಯ ಒಂದು ಕೊಂಡಿ ಹಿಂದೆ ಬಿದ್ದರೂ ಪೆರಾಕ್ಸೈಡ್ ಶೇಖರವಾಗುತ್ತದೆ. ಅದಕ್ಕೆ ಸಡಿಲ ಕಬ್ಬಿಣ ಸಿಕ್ಕರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿ ಜೀವಕೋಶದ ಪೊರೆಯ ಕೊಬ್ಬನ್ನು ಸುಡುತ್ತದೆ. ಎಲೆಯಂಚು ಕಂದಾಗುವುದು, ಬಿಸಿಲಿಗೆ ತೆರೆದ ಭಾಗದಲ್ಲಿ ಬಿಳಿ ಮಚ್ಚೆ ಬೀಳುವುದು ಆ ಸುಡುವಿಕೆಯ ಗುರುತು.

ಹಾಗೆಂದು ಪೆರಾಕ್ಸೈಡ್ ಬರೀ ವಿಷವಲ್ಲ. ಸ್ವಲ್ಪ ಪ್ರಮಾಣದಲ್ಲಿ ಅದೇ ಎಚ್ಚರಿಕೆಯ ಸಂದೇಶ. ಅದು ಕಂಡ ಮೇಲೆಯೇ ಗಿಡ ಶಾಖ ನಿರೋಧಕ ಪ್ರೋಟೀನುಗಳನ್ನೂ ಹೆಚ್ಚುವರಿ ಪೆರಾಕ್ಸಿಡೇಸನ್ನೂ ತಯಾರಿಸುತ್ತದೆ. ತಯಾರಿಗೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಪೂರ್ತಿ ತುಳಿದುಹಾಕಿದರೆ ಗಿಡ ತಯಾರಾಗುವುದೇ ಇಲ್ಲ. ಕಪಾಟಿನ ಮೇಲಿನ ಪ್ರತಿ ಬಾಟಲಿಯನ್ನೂ ಈ ಎರಡು ಮಾತಿನಿಂದ ಅಳೆಯಬಹುದು: ಕಿಣ್ವ ಒಳಗೇ ಹುಟ್ಟಬೇಕು, ಮತ್ತು ಸುದ್ದಿ ಬಿಸಿಲಿಗಿಂತ ಮೊದಲು ತಲುಪಬೇಕು.

ಇನ್ನು ನಮ್ಮ ಸೆಕೆಯ ವಿಷಯ. ಹವಾಮಾನ ಇಲಾಖೆ ಬಯಲುಸೀಮೆಗೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟದೆ ಉಷ್ಣ ಅಲೆ ಎನ್ನುವುದಿಲ್ಲ; ಕರಾವಳಿಗೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಸಾಕು. ಈ ವ್ಯತ್ಯಾಸಕ್ಕೆ ಅರ್ಥವಿದೆ. ಒಣ ಗಾಳಿಯಲ್ಲಿ ಬೇರಿಗೆ ನೀರಿದ್ದರೆ ಎಲೆ ಬೆವರಿ ತಣ್ಣಗಾಗುತ್ತದೆ, ಸುತ್ತಲಿನ ಗಾಳಿಗಿಂತ ತಂಪಾಗಿಯೂ ಇರಬಲ್ಲದು. ಇಲ್ಲಿ ಗಾಳಿಯೇ ಒದ್ದೆ. ಬೆವರು ಆರುವುದಿಲ್ಲ. ಗಾಳಿ 34 ಡಿಗ್ರಿ ಇದ್ದಾಗ ಬಿಸಿಲಲ್ಲಿರುವ ಎಲೆ 40ರ ಆಸುಪಾಸಿಗೆ ಹೋಗುವುದು ಅಸಾಮಾನ್ಯವೇನಲ್ಲ. ಕೊರೊನಾ ಕಾಲದ ಹಣೆಯ ತರ್ಮಾಮೀಟರ್ ಇದಕ್ಕೆ ಆಗದು, ಅದರ ಅಳತೆ ಮೈಶಾಖದ ಸುತ್ತಲೇ ನಿಲ್ಲುತ್ತದೆ. ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಇನ್‌ಫ್ರಾರೆಡ್ ತರ್ಮಾಮೀಟರ್ ಬೇಕು. ಅದರಲ್ಲಿ ಎಮಿಸಿವಿಟಿ (ವಸ್ತು ಶಾಖ ಹೊರಸೂಸುವ ಗುಣದ ಅಂಕಿ) 0.95ಕ್ಕೆ ಇಟ್ಟು ಮಧ್ಯಾಹ್ನ 1ರಿಂದ 3ರೊಳಗೆ ಒಂದು ಗೇಣು ದೂರದಿಂದ ಎಲೆಗೆ ಹಿಡಿಯಿರಿ. ಮಣ್ಣು, ಆಕಾಶ ನೋಟದೊಳಗೆ ಬರಬಾರದು. ಯಾವ ಬಾಟಲಿಗಿಂತಲೂ ಮೊದಲು ಕೊಳ್ಳಬೇಕಾದ ವಸ್ತು ಇದು. ಎಲೆ 36–37ರಲ್ಲೇ ಇದ್ದರೆ ನಿಮಗೆ ಮದ್ದೇ ಬೇಡ.

ರಾತ್ರಿಯದು ಬೇರೆ ಕಥೆ. ನಮ್ಮಲ್ಲಿ ಏಪ್ರಿಲ್ ರಾತ್ರಿ 25–26 ಡಿಗ್ರಿಗಿಂತ ಕೆಳಗಿಳಿಯಲು ಒಪ್ಪುವುದಿಲ್ಲ. ಗಿಡ ರಾತ್ರಿಯಿಡೀ ಉಸಿರಾಡುತ್ತ ಹಗಲಿನ ಸಕ್ಕರೆ ಖರ್ಚು ಮಾಡುತ್ತದೆ, ಜೀವಕೋಶದ ಉಸಿರಾಟದ ಅಂಗವಾದ ಮೈಟೋಕಾಂಡ್ರಿಯಾದಿಂದಲೂ ಸೂಪರ್‌ಆಕ್ಸೈಡ್ ಸೋರುತ್ತಲೇ ಇರುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು: ಬೆಳೆ ಅವಧಿಯ ಕನಿಷ್ಠ ತಾಪಮಾನ 1 ಡಿಗ್ರಿ ಏರಿದರೆ ಒಣ ಋತುವಿನ ಭತ್ತದ ಇಳುವರಿ ಶೇ. 10ರಷ್ಟು ಇಳಿಯುತ್ತದೆ. ಸಿಂಪಡಣೆಯ ಬಾಟಲಿಗಳ ಲೇಬಲ್ ಹಗಲಿನ ಬಿಸಿಲನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರುತ್ತದೆ.

ಈಗ ಕಪಾಟಿನ ಮುಂದೆ ನಿಲ್ಲೋಣ.

'ಕಿಣ್ವ ಇದೆ', 'ಎಸ್‌ಒಡಿ ಇದೆ' ಎನ್ನುವ ಬಾಟಲಿ ಕೈಗೆ ಬಂದರೆ ಅಲ್ಲೇ ಇಟ್ಟುಬಿಡಿ. ತಾಮ್ರ–ಸತುವಿನ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಅಂದರೆ ಎಸ್‌ಒಡಿ, ಸುಮಾರು 32,000 ಡಾಲ್ಟನ್ ಅಣುತೂಕದ ದೊಡ್ಡ ಪ್ರೋಟೀನು. ಎಲೆಯ ಮೇಣದ ಹೊದಿಕೆ ದಾಟಿ, ಜೀವಕೋಶದ ಪೊರೆ ದಾಟಿ ಅದು ಒಳಗೆ ಹೋಗುವ ಪ್ರಶ್ನೆಯೇ ಇಲ್ಲ. ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಮ್ಲದ ಬಾಟಲಿಗೆ ಸ್ವಲ್ಪ ಹೆಚ್ಚು ಮರ್ಯಾದೆ ಕೊಡಬಹುದು, ಸಣ್ಣ ಅಣು, ಕೊಂಚ ಒಳಗಿಳಿಯುತ್ತದೆ. ಆದರೆ ಲೆಕ್ಕ ಹಾಕಿ. ಸಾಮಾನ್ಯ ಶಿಫಾರಸು ಲೀಟರಿಗೆ 100 ಮಿಲಿಗ್ರಾಂ, ಅಣುಗಳ ಲೆಕ್ಕದ ಸಾಂದ್ರತೆಯಲ್ಲಿ ಹೇಳುವುದಾದರೆ 0.57 ಮಿಲಿಮೋಲಾರ್. ಎಲೆಯ ಹಸುರು ಕಣವಾದ ಕ್ಲೋರೋಪ್ಲಾಸ್ಟಿನೊಳಗೆ ಗಿಡ ತಾನೇ ಇಟ್ಟುಕೊಂಡಿರುವ ಆಸ್ಕಾರ್ಬೇಟ್ 10 ಮಿಲಿಮೋಲಾರ್‌ಗೂ ಮೇಲೆ. ತುಂಬಿದ ಬಾವಿಗೆ ಚೊಂಬಿನಲ್ಲಿ ನೀರು ಹೊಯ್ದ ಹಾಗೆ. ಅದರ ಮೇಲೆ, ಈ ದ್ರಾವಣ ಬೆಳಕಿಗೆ, ಸುಣ್ಣದ ನೀರಿಗೆ, ತಾಮ್ರ ಕಬ್ಬಿಣಗಳಿಗೆ ಸಿಕ್ಕರೆ ಟ್ಯಾಂಕಿನಲ್ಲೇ ಹಾಳಾಗುತ್ತದೆ. ಬೋರ್ಡೋ, ಅಂದರೆ ತಾಮ್ರದ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಹೊಡೆದ ಟ್ಯಾಂಕ್ ಸರಿಯಾಗಿ ತೊಳೆಯದೆ ಅದಕ್ಕೇ ವಿಟಮಿನ್ ಸಿ ತುಂಬಿದರೆ ಉಳಿದ ತಾಮ್ರ ಅದನ್ನು ಆಕ್ಸಿಡೀಕರಿಸಿ ಹೈಡ್ರೋಜನ್ ಪೆರಾಕ್ಸೈಡನ್ನೇ ಹುಟ್ಟಿಸುತ್ತದೆ. ದುಡ್ಡು ಕೊಟ್ಟು ಉಲ್ಟಾ ಕೆಲಸ. ಅಂಕ 5ಕ್ಕೆ 1.

ಕಡಲಕಳೆ ಸಾರ ಈ ಸಾಲಿನಲ್ಲಿ ಅತಿ ಹೆಚ್ಚು ಮಾರಾಟವಾಗುವ, ಸ್ವಲ್ಪ ಮಟ್ಟಿಗೆ ಹೆಸರಿಗೆ ತಕ್ಕ ಸಾಮಾನು. ಎರಡು ಬಗೆ ಸಿಗುತ್ತದೆ. ಆಸ್ಕೋಫಿಲಮ್ ಎಂಬ ತಂಪು ಕಡಲಿನ ಕಂದು ಕಳೆಯನ್ನು ಕ್ಷಾರದಲ್ಲಿ ಬೇಯಿಸಿ ತೆಗೆದ ಕಪ್ಪು ಪುಡಿ ಒಂದು. ಕಪ್ಪಾಫೈಕಸ್ ಎಂಬ ಕೆಂಪು ಕಳೆಯನ್ನು ಹಸಿಯಾಗಿ ಹಿಂಡಿ ತೆಗೆದ ರಸ ಇನ್ನೊಂದು. ಎರಡನೆಯದರ ತಂತ್ರ ಗುಜರಾತಿನ ಭಾವನಗರದ ಕೇಂದ್ರ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆಯದ್ದು. ಇವುಗಳಲ್ಲಿರುವ ಬೀಟೈನ್, ಮ್ಯಾನಿಟಾಲ್, ತುಂಡು ಸಕ್ಕರೆ ಸರಪಳಿಗಳು ಗಿಡಕ್ಕೆ ಆಹಾರವಾಗುವುದಕ್ಕಿಂತ ಸುದ್ದಿಯಾಗಿ ಕೆಲಸ ಮಾಡುತ್ತವೆ: ಏನೋ ಬರುತ್ತಿದೆ, ಸಜ್ಜಾಗು ಎಂಬ ಸುದ್ದಿ. ಸಜ್ಜಾಗಲು ಸಮಯ ಬೇಕಾದ್ದರಿಂದ ಎಲೆ ಬಾಡಿದ ಮೇಲೆ ಹೊಡೆದರೆ ಪ್ರಯೋಜನ ತೀರ ಕಡಿಮೆ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಬಿಸಿ ಏರುವ ಸೂಚನೆ ಕಂಡಾಗ, ಮೂರು ನಾಲ್ಕು ದಿನ ಮೊದಲು, ಸಂಜೆ 4.30ರ ನಂತರ ಹೊಡೆಯಬೇಕು. ದ್ರವವಾದರೆ ಲೀಟರಿಗೆ 2–3 ಮಿಲಿ, ಪೂರ್ತಿ ಕರಗುವ ಪುಡಿಯಾದರೆ ಅರ್ಧದಿಂದ 1 ಗ್ರಾಂ. ಎಲೆಯ ಅಡಿಭಾಗ ಒದ್ದೆಯಾಗಬೇಕು, ರಂಧ್ರಗಳು ಹೆಚ್ಚಿರುವುದು ಅಲ್ಲೇ. 12–15 ದಿನಕ್ಕೊಮ್ಮೆ ಮತ್ತೆ.

ಕೊಳ್ಳುವಾಗ ಲೇಬಲ್‌ನಲ್ಲಿ ಕಳೆಯ ಜಾತಿಯ ಹೆಸರು, ಸಾರದ ಶೇಕಡಾವಾರು ಇರಲೇಬೇಕು. 'ಸೀವೀಡ್ ಬೇಸ್ಡ್' ಎಂದಷ್ಟೇ ಇದ್ದರೆ ಅದು ಹೆಚ್ಚಾಗಿ ಹ್ಯೂಮಿಕ್ ಆಮ್ಲಕ್ಕೆ ಕಡಲಿನ ವಾಸನೆ ಹಿಡಿಸಿದ್ದು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಗಿಡವನ್ನು ಚುರುಕುಗೊಳಿಸುವ ಈ ಬಯೋಸ್ಟಿಮ್ಯುಲೆಂಟ್‌ಗಳನ್ನು ಕಾನೂನಿನೊಳಗೆ ಸೇರಿಸಿತು. ಕಡಲಕಳೆ ಸಾರ, ಅಮೈನೋ ಆಮ್ಲ, ವಿಟಮಿನ್, ಆ್ಯಂಟಿ ಆಕ್ಸಿಡೆಂಟ್, ಆ್ಯಂಟಿ ಟ್ರಾನ್ಸ್‌ಪಿರೆಂಟ್ (ಎಲೆಯ ಬೆವರು ತಡೆಯುವಂಥದ್ದು) ಎಲ್ಲಕ್ಕೂ ಅಲ್ಲಿ ಪ್ರತ್ಯೇಕ ವರ್ಗವಿದೆ. ಇವುಗಳಲ್ಲಿ ಕೀಟನಾಶಕದ ಅಂಶ 0.01 ಪಿಪಿಎಂ ದಾಟಬಾರದೆಂಬ ಮಿತಿಯೂ ಇದೆ. ಇಂಥ ಬಾಟಲಿ ಹೊಡೆದ ಮರುದಿನ ನುಸಿ, ಹೇನು ಉದುರಿದರೆ ಖುಷಿಪಡಬೇಡಿ. ಒಳಗೆ ಬೇರೇನೋ ಬೆರೆಸಿದ್ದಾರೆ, ಅದು ನಿಮ್ಮ ಬಸಳೆ ಹರಿವೆಯೊಂದಿಗೆ ಅಡುಗೆಮನೆಗೂ ಬರುತ್ತದೆ. ಒಳ್ಳೆಯ ಕಡಲಕಳೆ ಸಾರಕ್ಕೆ 5ಕ್ಕೆ 3. ಹೊತ್ತು ತಪ್ಪಿದರೆ 1.

ಗಿಡ ತಾನೇ ಎಚ್ಚರಿಕೆಗೆ ಬಳಸುವ ಸ್ಯಾಲಿಸಿಲಿಕ್ ಆಮ್ಲದ ವಿಷಯದಲ್ಲಿ ಅಂಗಡಿಯ ಬೆಲೆ ನೋಡಿದರೆ ನಗು ಬರುತ್ತದೆ. ಸಸ್ಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಾಂದ್ರತೆ 0.1ರಿಂದ 0.5 ಮಿಲಿಮೋಲಾರ್. ಅಣುತೂಕ 138, ಹಾಗಾಗಿ 0.5 ಅಂದರೆ ಲೀಟರಿಗೆ 69 ಮಿಲಿಗ್ರಾಂ. 16 ಲೀಟರಿನ ಬೆನ್ನಿನ ಟ್ಯಾಂಕಿಗೆ 1.1 ಗ್ರಾಂ. ರಾಸಾಯನಿಕ ಅಂಗಡಿಯಲ್ಲಿ 100 ಗ್ರಾಂ ಕೊಂಡರೆ 90 ಟ್ಯಾಂಕ್. ಅದನ್ನೇ ಶೇ. 1–2ರ ದ್ರಾವಣ ಮಾಡಿ ಚಂದದ ಬಾಟಲಿಗೆ ತುಂಬಿದಾಗ ಬೆಲೆ ಆಕಾಶ ಮುಟ್ಟುತ್ತದೆ.

ಆದರೆ 1.1 ಗ್ರಾಂ ಅಳೆಯುವುದೇ ತೊಡಕು. ಅಡುಗೆಮನೆಯ ತಕ್ಕಡಿಗೆ ಅಷ್ಟು ನಾಜೂಕಿಲ್ಲ. ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ಎರಡು ಮೂರು ಪಟ್ಟಾಗುವುದು ಖಂಡಿತ, ಮತ್ತು ಈ ವಸ್ತುವಿನಲ್ಲಿ ಹೆಚ್ಚಾದದ್ದು ನೇರ ಹಾನಿ. ಸ್ಯಾಲಿಸಿಲಿಕ್ ಆಮ್ಲ ಕೆಲಸ ಮಾಡುವ ದಾರಿಗಳಲ್ಲಿ ಒಂದು, ಎಲೆಯೊಳಗೆ ಪೆರಾಕ್ಸೈಡನ್ನು ಸ್ವಲ್ಪ ಏರಿಸಿ ಎಚ್ಚರಿಸುವುದು. ಸ್ವಲ್ಪವಾದರೆ ಗಿಡ ಸಜ್ಜಾಗುತ್ತದೆ, ಜಾಸ್ತಿಯಾದರೆ ಕ್ಯಾಟಲೇಸನ್ನೇ ಕಟ್ಟಿಹಾಕಿ ಎಲೆ ಸುಡುತ್ತದೆ. ಆದ್ದರಿಂದ ಮೊದಲು ತಾಯಿ ದ್ರಾವಣ ಮಾಡಿಟ್ಟುಕೊಳ್ಳಿ: 10 ಗ್ರಾಂ ಪುಡಿಯನ್ನು ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕರಗಿಸಿ, ಒಟ್ಟು 100 ಮಿಲಿ ಆಗುವಷ್ಟು ಸ್ಪಿರಿಟ್ ತುಂಬಿ, ಕಂದು ಬಾಟಲಿಯಲ್ಲಿ ಬಿಗಿ ಮುಚ್ಚಳ ಹಾಕಿ, ಬೆಂಕಿಯಿಂದಲೂ ಮಕ್ಕಳಿಂದಲೂ ದೂರ ಇಡಿ. 16 ಲೀಟರಿಗೆ 11 ಮಿಲಿ. ಇಂಜೆಕ್ಷನ್ ಸಿರಿಂಜಿನಲ್ಲಿ ಅಳೆದು, ನೀರು ಕಲಕುತ್ತ ಸಣ್ಣ ಧಾರೆಯಾಗಿ ಬಿಡಬೇಕು. ಎಳೆ ಸಸಿಗೆ, ಸೌತೆ ಕಲ್ಲಂಗಡಿಯಂಥ ಮೆದು ಎಲೆಗೆ ಅರ್ಧ ಸಾಕು. ಕಬ್ಬಿಣವಿರುವ ಬಾವಿ ನೀರಾದರೆ ದ್ರಾವಣ ನಸು ನೇರಳೆಗೆ ತಿರುಗಬಹುದು. ಆಮ್ಲದ ಒಂದು ಪಾಲು ಕಬ್ಬಿಣಕ್ಕೆ ಅಂಟಿಕೊಂಡಿತೆಂದು ಅರ್ಥ. ಆಗ ಮಳೆನೀರು ಅಥವಾ ನಳ್ಳಿ ನೀರು ಬಳಸಿ. ಸರಿಯಾಗಿ ಅಳೆಯುವವರ ಕೈಯಲ್ಲಿ ಇದಕ್ಕೆ 5ಕ್ಕೆ 3.5, ಅಂದಾಜಿನವರ ಕೈಯಲ್ಲಿ ಸೊನ್ನೆ.

ಅಂಗಡಿಯ ಮೂಲೆಯಲ್ಲಿ ಗೋಣಿಯಲ್ಲಿ ಕೂತಿರುವ, ಯಾರೂ 'ಆ್ಯಂಟಿ ಆಕ್ಸಿಡೆಂಟ್' ಎಂದು ಕರೆಯದ ಲವಣಗಳಿಗೇ ಈ ವಿಮರ್ಶೆಯ ಹೆಚ್ಚಿನ ಅಂಕ. ಆ ಕಿಣ್ವಗಳೆಲ್ಲ ನಿಂತಿರುವುದು ಲೋಹಗಳ ಮೇಲೆ. ಜೀವಕೋಶದ ರಸದಲ್ಲಿ, ಕ್ಲೋರೋಪ್ಲಾಸ್ಟಿನಲ್ಲಿ ಇರುವ ಡಿಸ್‌ಮ್ಯುಟೇಸಿಗೆ ತಾಮ್ರ ಮತ್ತು ಸತು, ಮೈಟೋಕಾಂಡ್ರಿಯಾದ್ದಕ್ಕೆ ಮ್ಯಾಂಗನೀಸ್, ಕ್ಯಾಟಲೇಸಿಗೂ ಆಸ್ಕಾರ್ಬೇಟ್ ಪೆರಾಕ್ಸಿಡೇಸಿಗೂ ಕಬ್ಬಿಣ. ನಮ್ಮ ಮುರಕಲ್ಲು ಮಣ್ಣು ಹುಳಿ ಮಣ್ಣು, 3,500 ಮಿಲಿಮೀಟರಿಗೂ ಮೀರಿದ ಮಳೆಯಲ್ಲಿ ತೊಳೆದುಹೋದದ್ದು. ಅದರಲ್ಲಿ ಕಬ್ಬಿಣ ಬೇಕಾದಷ್ಟಿದೆ, ಗದ್ದೆಯ ನೀರಿನ ಮೇಲೆ ತುಕ್ಕಿನ ಪೊರೆ ಕಟ್ಟುವಷ್ಟು. ಅಡಿಕೆ ತೋಟದಲ್ಲಿ ತಾಮ್ರಕ್ಕೂ ಬರವಿಲ್ಲ, ವರ್ಷ ವರ್ಷ ಕೊಳೆರೋಗಕ್ಕೆ ಮೈಲುತುತ್ತು ಹೊಡೆಯುತ್ತಲೇ ಇದ್ದೇವೆ. ಕೊರತೆ ಇರುವುದು ಪೊಟ್ಯಾಶ್, ಮೆಗ್ನೀಷಿಯಂ, ಸುಣ್ಣ, ಸತು, ಬೋರಾನ್‌ಗಳದ್ದು. ಹೀಗಿರುವಾಗ 'ಮೈಕ್ರೋನ್ಯೂಟ್ರಿಯೆಂಟ್ ಮಿಶ್ರಣ' ಎಂದು ಕಬ್ಬಿಣದ ಚೀಲೇಟ್ ತುಂಬಿದ ಪೊಟ್ಟಣವನ್ನು ಸೆಕೆಗಾಲದಲ್ಲಿ ಹೊಡೆಯುವುದು ತಪ್ಪು ಮದ್ದು. ಪೆರಾಕ್ಸೈಡ್ ತುಂಬಿದ ಎಲೆಗೆ ಹೆಚ್ಚುವರಿ ಕಬ್ಬಿಣ ಕೊಟ್ಟರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗೆ ದಾರಿ ಮಾಡಿಕೊಟ್ಟಂತೆ.

ಸತುವಿನ ಸಲ್ಫೇಟ್ ಎರಡು ರೂಪದಲ್ಲಿ ಬರುತ್ತದೆ, ಚೀಲ ಓದಿ ನೋಡಿ. ಶೇ. 21 ಸತು ಇರುವ ಹರಳಾದರೆ ಲೀಟರಿಗೆ 5 ಗ್ರಾಂ, ಶೇ. 33ರ ಪುಡಿಯಾದರೆ 3 ಗ್ರಾಂ ಚಿಲ್ಲರೆ. ಹಾಗೆಯೇ ಹೊಡೆದರೆ ಎಲೆಯಂಚು ಸುಡುತ್ತದೆ. ಆದ್ದರಿಂದ 2.5 ಗ್ರಾಂ ಅರಳಿದ ಸುಣ್ಣವನ್ನು ಬೇರೆ ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಸತುವಿನ ನೀರಿಗೆ ಸೇರಿಸಬೇಕು. ಮೆಗ್ನೀಷಿಯಂ ಸಲ್ಫೇಟ್ ಲೀಟರಿಗೆ 10 ಗ್ರಾಂ. ಇದನ್ನು ಬೇಸಿಗೆಯ ಮದ್ದು ಎಂದು ಯಾರೂ ಮಾರುವುದಿಲ್ಲ, ಆದರೆ ಮೆಗ್ನೀಷಿಯಂ ಕಡಿಮೆಯಿರುವ ಎಲೆಯಿಂದ ಸಕ್ಕರೆ ಹೊರಸಾಗುವುದಿಲ್ಲ, ಬೆಳಕು ಬೀಳುತ್ತಲೇ ಇರುತ್ತದೆ, ಇಲೆಕ್ಟ್ರಾನುಗಳು ಆಮ್ಲಜನಕಕ್ಕೇ ಹೋಗುತ್ತವೆ. ಹಳೆಯ ಎಲೆಯಲ್ಲಿ ನರ ಹಸುರಾಗಿದ್ದು ನಡುವೆ ಹಳದಿಯಾಗಿ, ಬಿಸಿಲು ಬೀಳುವ ಕಡೆ ಮಾತ್ರ ಆ ಹಳದಿ ಹೆಚ್ಚಿದ್ದರೆ ಇದೇ ಸಂಗತಿ. ಅದೇ ಎಲೆಯ ನೆರಳಿನ ಭಾಗ ಹಸುರಾಗೇ ಉಳಿದಿರುತ್ತದೆ. ಪೊಟ್ಯಾಷಿಯಂ ನೈಟ್ರೇಟ್, ಅಂದರೆ 13-0-45, ತರಕಾರಿಗೆ ಲೀಟರಿಗೆ 5 ಗ್ರಾಂ, ಗಡುಸು ಎಲೆಗೆ 10. ಪೊಟ್ಯಾಶ್ ಕಡಿಮೆಯಾದರೆ ಎಲೆರಂಧ್ರ ಸರಿಯಾಗಿ ತೆರೆದು ಮುಚ್ಚದು, ಸೂಪರ್‌ಆಕ್ಸೈಡ್ ತಯಾರಿಯೂ ಏರುತ್ತದೆ. ಮೆಗ್ನೀಷಿಯಂ ಸಲ್ಫೇಟನ್ನು 12-61-0 ಮುಂತಾದ ರಂಜಕದ ಗೊಬ್ಬರದ ಜೊತೆ ಒಂದೇ ಟ್ಯಾಂಕಿಗೆ ಹಾಕಬೇಡಿ, ಬಿಳಿ ಗಸಿ ಕೂತು ನಾಝಲ್ ಕಟ್ಟುತ್ತದೆ. ಮಣ್ಣು ಪರೀಕ್ಷೆಗೆ ಮಂಗಳೂರು, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ವರದಿಯಲ್ಲಿ ಕೊರತೆ ಕಂಡದ್ದಕ್ಕಷ್ಟೇ ದುಡ್ಡು ಹಾಕಿ. ಲವಣಗಳಿಗೆ 5ಕ್ಕೆ 4.5.

ಅಮೈನೋ ಆಮ್ಲ, ಪ್ರೋಲೀನ್ ಬಾಟಲಿಗಳು: ಕೆಟ್ಟದ್ದಲ್ಲ, ತುಟ್ಟಿ. ಪ್ರೋಲೀನನ್ನು ಗಿಡ ತಾನೇ ತಯಾರಿಸುತ್ತದೆ, ಅದಕ್ಕೆ ಬೇಕಾದ ಸಾರಜನಕ ಯೂರಿಯಾದಲ್ಲೂ ಇದೆ. ಸಿಲಿಕಾನ್ ದ್ರವ ಭತ್ತಕ್ಕೆ ಒಳ್ಳೆಯದು, ತರಕಾರಿಗೆ ಅಷ್ಟಕ್ಕಷ್ಟೆ. ಕುಚ್ಚಲಕ್ಕಿ ಮಿಲ್ಲುಗಳ ಉಮಿ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾವೇ ಇರುವಾಗ ಗದ್ದೆಗೆ ಬಾಟಲಿ ಯಾಕೆ ಎಂಬ ಪ್ರಶ್ನೆಗೆ ಅಂಗಡಿಯವರಲ್ಲಿ ಉತ್ತರವಿರುವುದಿಲ್ಲ.

ಕೇಯೋಲಿನ್ ಬಿಳಿ ಜೇಡಿ ಪುಡಿ ಬೇರೆ ಬಗೆಯದು. ಇದು ಕಿಣ್ವವನ್ನು ಹೆಚ್ಚಿಸುವುದಿಲ್ಲ, ಅದರ ಹೊರೆ ಇಳಿಸುತ್ತದೆ. ಲೀಟರಿಗೆ 30–50 ಗ್ರಾಂ, ಮೊದಲು ಸ್ವಲ್ಪ ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಆಮೇಲೆ ತುಂಬಬೇಕು. ಸಿಂಪಡಿಸುವಾಗ ಟ್ಯಾಂಕ್ ಅಲುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ತಳಕ್ಕೆ ಕೂತು ಕೊನೆಯ ಸಾಲಿಗೆ ಸುಣ್ಣ ಬಳಿದಂತಾಗುತ್ತದೆ. ಪಡುವಣ ಬಿಸಿಲಿಗೆ ತೆರೆದ ಬದನೆ, ಕಲ್ಲಂಗಡಿ ಕಾಯಿಗೆ ಫಲಿತಾಂಶ ಕಣ್ಣಿಗೆ ಕಾಣುವಂಥದ್ದು. ತೊಂದರೆಯೂ ಇದೆ. ಮಟ್ಟುಗುಳ್ಳ ಎಂಬ ಇಲ್ಲಿನ ಬದನೆಯ ಮೇಲಿನ ಬಿಳಿ ಪುಡಿ ಒರೆಸದೆ ಮಾರುಕಟ್ಟೆಗೆ ಹೋಗದು. ಏಪ್ರಿಲ್‌ನ ಒಂದು ಗುಡುಗು ಮಳೆ ಎಲ್ಲವನ್ನೂ ತೊಳೆದುಬಿಡುತ್ತದೆ. ನೆರಳಲ್ಲಿ ಬೆಳೆಯುವ ಕಾಳುಮೆಣಸಿಗೆ ಬಳಿದರೆ ಸಿಗುವ ಸ್ವಲ್ಪ ಬೆಳಕೂ ತಪ್ಪುತ್ತದೆ. ಅಡಿಕೆ ಮರದ ನೈಋತ್ಯ ಬದಿಯ ಕಾಂಡ ಬಿಸಿಲಿಗೆ ಸೀಳುವುದಕ್ಕೆ ಕೇಯೋಲಿನ್ ಬೇಕಾಗಿಲ್ಲ. ಸುಣ್ಣ ಬಳಿಯುವುದು ಅಥವಾ ಸೋಗೆ, ಹಾಳೆ ಕಟ್ಟುವುದು ಸಾಕು. ಹೊಸ ತೋಟವಾದರೆ ಸಾಲನ್ನು ಉತ್ತರ–ದಕ್ಷಿಣದಿಂದ 35 ಡಿಗ್ರಿ ಪಡುವಣಕ್ಕೆ ಓರೆ ಮಾಡಿ ಗುಂಡಿ ತೆಗೆಯುವ ಹಳೆಯ ಶಿಫಾರಸು ಇರುವುದೇ ಇದಕ್ಕೆ.

ನೆರಳು ಬಲೆಯ ಬಗ್ಗೆ ಎರಡು ಮಾತು. ತರಕಾರಿಗೆ ಶೇ. 35 ನೆರಳು ಕೊಡುವುದು, ಕಾಳುಮೆಣಸಿನ ನರ್ಸರಿಗೆ ಶೇ. 50. ಚೌಕಾಸಿ ಮಾಡಿ ಶೇ. 75ರ ಬಲೆ ಹಾಕಿದರೆ ಗಿಡ ಬಿಳಿಚಿ ಉದ್ದವಾಗುತ್ತದೆ. ಯುವಿ ನಿರೋಧಕ ಎಂಬ ನಮೂದು, ಐಎಸ್ 16008 ಗುರುತು ಇರಲಿ. ಕಪ್ಪು ಬಲೆ ತಾನೇ ಕಾದು ಕೆಳಗೆ ಶಾಖ ಬಿಡುತ್ತದೆ, ಏಳು ಅಡಿಗಿಂತ ತಗ್ಗಿಸಬೇಡಿ. ಪಡುವಣ ಬದಿ ತೆರೆದಿದ್ದರೆ ಮಧ್ಯಾಹ್ನದ ಕಡಲ ಗಾಳಿ ಒಳಗೆ ಹಾಯುತ್ತದೆ. ನಾಲ್ಕೂ ಸುತ್ತ ಮುಚ್ಚಿದರೆ ಹೊರಗಿಗಿಂತ ಒಳಗೆ ಹೆಚ್ಚು ಬೇಗೆ. ಬಲೆಯಡಿ ಬೆಳೆದ ಸಸಿಯನ್ನು ಮೇ ತಿಂಗಳ ಬಿಸಿಲಿಗೆ ಒಮ್ಮೆಲೇ ಎತ್ತಿಡುವುದು ಇಲ್ಲಿನ ನರ್ಸರಿಗಳಲ್ಲಿ ಸಾಮಾನ್ಯ ಅನಾಹುತ. ನೆರಳಿನ ಎಲೆ ನೆರಳಿಗೆ ತಕ್ಕಷ್ಟೇ ಕಿಣ್ವ ಇಟ್ಟುಕೊಂಡಿರುತ್ತದೆ. ಮೊದಲ ಮೂರು ದಿನ ಬೆಳಗ್ಗೆ 10ರ ತನಕ, ಮುಂದಿನ ಮೂರು ದಿನ 11.30ರ ತನಕ, ಹೀಗೆ ವಾರ ಹತ್ತು ದಿನ ಪಳಗಿಸಿ. ಯಾವ ಬಾಟಲಿಯೂ ಇಷ್ಟು ಕೆಲಸ ಮಾಡುವುದಿಲ್ಲ, ಖರ್ಚೂ ಇಲ್ಲ.

ಬೆರೆಸುವುದರಲ್ಲಿ ಆಗುವ ಅನಾಹುತ ಹೆಚ್ಚಿನದು ಮೇ ಕೊನೆಯಲ್ಲಿ. ತುಳುವರ ಪತ್ತನಾಜೆಯ ದಿನ ಕಳೆದು ಶೇ. 1ರ ಬೋರ್ಡೋ, ಅಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತು 1 ಕಿಲೋ ಸುಣ್ಣ, ಹೊಡೆದಾದ ಮೇಲೆ ಮಳೆ ತಡವಾಗಿ ಮತ್ತೆ ಬಿಸಿಲು ಏರುತ್ತದೆ. ಆಗ ಅದೇ ಎಲೆಗೆ ಅಮೈನೋ ಆಮ್ಲವನ್ನೋ ಸ್ಯಾಲಿಸಿಲಿಕ್ ಆಮ್ಲವನ್ನೋ ಹೊಡೆದರೆ, ಸುಣ್ಣ ಹಿಡಿದಿಟ್ಟಿದ್ದ ತಾಮ್ರ ಸಡಿಲಗೊಂಡು ಒಳಗಿಳಿಯುತ್ತದೆ. ಸುಟ್ಟ ಚುಕ್ಕೆ ಕಂಡವರು ಬಿಸಿಲನ್ನು ಬೈಯುತ್ತಾರೆ. ಎರಡರ ನಡುವೆ ಎರಡು ವಾರವಾದರೂ ಇರಲಿ. ಮಟ್ಟು, ಪಾಂಗಾಳದ ಕಡೆ ಹೊಳೆಬದಿಯವರು ಸಿಂಪಡಣೆಯ ನೀರನ್ನು ಮೊದಲು ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಬೇಕು. ಏಪ್ರಿಲ್‌ನಲ್ಲಿ ಬಾವಿ ಉಪ್ಪಾಗಿದ್ದರೆ ಮದ್ದಿನ ಜೊತೆ ಉಪ್ಪನ್ನೂ ಎಲೆಗೆ ಬಳಿದಂತಾಗುತ್ತದೆ, ಉಪ್ಪು ತರುವುದೂ ಅದೇ ಪೆರಾಕ್ಸೈಡನ್ನೇ.

ಯಾವ ಬಾಟಲಿ ಕೆಲಸ ಮಾಡಿತೆಂದು ಅಂಗಡಿಯವರ ಮಾತಿನಿಂದ ತಿಳಿಯಬೇಕಾಗಿಲ್ಲ. ಅದೇ ಟಿಡಿಎಸ್ ಮೀಟರ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಕಾಗದ ತೂತು ಮಾಡುವ ಪಂಚ್, ಒಂದು ಥರ್ಮಾಸ್ ಸಾಕು. ಒಂದು ಸಾಲಿಗೆ ಮದ್ದು, ಒಂದು ಸಾಲಿಗೆ ಬರೀ ನೀರು ಸಿಂಪಡಿಸಿ. ನಾಲ್ಕನೇ ದಿನ ಎರಡೂ ಸಾಲಿನಿಂದ ಒಂದೇ ವಯಸ್ಸಿನ ಐದೈದು ಎಲೆ ತೆಗೆದು, ಪ್ರತಿ ಎಲೆಯಿಂದ 20 ಬಿಲ್ಲೆ ಕತ್ತರಿಸಿ. ಕತ್ತರಿಸಿದ ಅಂಚಿನಿಂದ ಸೋರುವ ಲವಣ ಹೋಗುವಂತೆ ಎರಡು ಸಲ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ಒಂದೊಂದು ಎಲೆಯ ಬಿಲ್ಲೆಗಳನ್ನು 15 ಮಿಲಿ ಡಿಸ್ಟಿಲ್ಡ್ ವಾಟರ್ ಇರುವ ಸಣ್ಣ ಮುಚ್ಚಳದ ಶೀಷೆಗೆ ಹಾಕಿ, ಥರ್ಮಾಸಿನ 47 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಹೊರತೆಗೆದು ರಾತ್ರಿಯಿಡೀ ಕೋಣೆಯಲ್ಲಿಟ್ಟು ಬೆಳಗ್ಗೆ ಅಳೆಯಿರಿ. ಆಮೇಲೆ ಅದೇ ಶೀಷೆಗಳನ್ನು ಕುದಿಯುವ ನೀರಿನ ಪಾತ್ರೆಯಲ್ಲಿ 20 ನಿಮಿಷ ಇಟ್ಟು, ಪೂರ್ತಿ ತಣಿದ ಮೇಲೆ ಮತ್ತೆ ಅಳೆಯಿರಿ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿದರೆ ಪೊರೆಯಿಂದ ಶೇಕಡಾ ಎಷ್ಟು ಸೋರಿತೆಂದು ಸಿಗುತ್ತದೆ. ಮದ್ದು ಹೊಡೆದ ಎಲೆಗಳಲ್ಲಿ ಸೋರಿಕೆ ಸ್ಪಷ್ಟವಾಗಿ ಕಡಿಮೆಯಿದ್ದರೆ ಬಾಟಲಿ ಸಾರ್ಥಕ. ಒಂದೇ ಸಾಲಿನ ಐದು ಎಲೆಗಳ ನಡುವೆ ಇರುವಷ್ಟೇ ವ್ಯತ್ಯಾಸ ಎರಡು ಸಾಲುಗಳ ನಡುವೆ ಕಂಡರೆ ಮುಂದಿನ ವರ್ಷ ಆ ಬಾಟಲಿ ಬೇಡ. ಎಲ್ಲ ಎಲೆಯೂ ಶೇ. 90 ಸೋರಿದರೆ ನೀರು ಅತಿ ಬಿಸಿಯಾಯಿತು, 45ಕ್ಕೆ ಇಳಿಸಿ ಮತ್ತೆ ಮಾಡಿ.

ಬೆಳೆವಾರು ಹೇಳುವುದಾದರೆ, ಶಂಕರಪುರ ಮಲ್ಲಿಗೆಗೆ ಇವ್ಯಾವುದೂ ಬೇಡ. ಅದು ಬಿಸಿಲಿಗೇ ಹೂ ತುಂಬುವ ಗಿಡ, ನೀರು ಗೊಬ್ಬರ ಸರಿಯಿದ್ದರೆ ಸಾಕು. ಬೇಸಿಗೆಯ ಮದ್ದೆಂದು ಅದಕ್ಕೆ ನೆರಳು ಬಲೆ ಹಾಕಿದರೆ ಅಟ್ಟೆಯ (ಹೂ ಮಾರುವ ಅಳತೆ) ಲೆಕ್ಕ ಅರ್ಧಕ್ಕಿಳಿದೀತು. ಗುಳ್ಳ, ಬೆಂಡೆ, ಅಲಸಂಡೆಗೆ ಮಾರ್ಚ್ ಮೊದಲ ವಾರದ ಲವಣ, ಮುನ್ಸೂಚನೆ ನೋಡಿ ಒಂದೆರಡು ಕಡಲಕಳೆ. ಹೂ ಉದುರುವುದು ಎಲೆಯ ಕಾಯಿಲೆಯಲ್ಲ, ಪರಾಗ ಸತ್ತದ್ದು. ಉದುರಿದ ಮೇಲೆ ಹೊಡೆದು ಫಲವಿಲ್ಲ. ಕೊಳಕೆ, ಅಂದರೆ ಬೇಸಿಗೆ ಬೆಳೆಯ ಭತ್ತ ಹೂ ಬಿಡುವ ಹೊತ್ತಿಗೆ ಗಾಳಿ 35 ಡಿಗ್ರಿ ಮೀರಿದರೆ ಜೊಳ್ಳು ಹೆಚ್ಚುತ್ತದೆ, ಅದಕ್ಕೆ ಇನ್ನಷ್ಟು ಬೇಗ ಬಿತ್ತುವುದೇ ಮದ್ದು.

ಹಲವು ಲೇಬಲ್‌ಗಳು 'ಚಳಿಯ ಒತ್ತಡಕ್ಕೂ' ಎಂದು ಸೇರಿಸುತ್ತವೆ. ವಿಜ್ಞಾನ ಸುಳ್ಳಲ್ಲ: ಚಳಿಯಲ್ಲೂ ಬೆಳಕು ಬೀಳುತ್ತದೆ, ಕ್ಯಾಟಲೇಸ್ ಹೊಸದಾಗಿ ಹುಟ್ಟುವುದು ನಿಧಾನವಾಗುತ್ತದೆ, ಪೆರಾಕ್ಸೈಡ್ ಏರುತ್ತದೆ. ಘಟ್ಟದ ಮೇಲಿನವರಿಗೆ ಜನವರಿಯಲ್ಲಿ ಉಪಯೋಗವಾದೀತು. ಕೆಳಗಿನವರಿಗೆ ಚಳಿಯ ಪೆಟ್ಟು ಕಾಣಬೇಕಿದ್ದರೆ ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟು ಸಿಪ್ಪೆ ಕಪ್ಪಾಗುವುದನ್ನು ನೋಡಬೇಕಷ್ಟೆ.

ಹತ್ತು ಸೆಂಟ್ಸ್ ತರಕಾರಿ ಇರುವವರು ಈ ಸಲ ಅಂಗಡಿಗೆ ಹೋದರೆ ತರಬೇಕಾದ್ದು: ಸತುವಿನ ಸಲ್ಫೇಟ್ ಅರ್ಧ ಕಿಲೋ, ಮೆಗ್ನೀಷಿಯಂ ಸಲ್ಫೇಟ್ 1 ಕಿಲೋ, 13-0-45 1 ಕಿಲೋ, ಜಾತಿಯ ಹೆಸರಿರುವ ಕಡಲಕಳೆ ಸಾರ 100 ಮಿಲಿ. ಬುಡಕ್ಕೆ ನಾಲ್ಕು ಬೆರಳು ದಪ್ಪ ಒಣ ಸೊಪ್ಪೋ ಅಡಿಕೆ ಸಿಪ್ಪೆಯೋ ಮನೆಯಲ್ಲೇ ಇದೆ. ಬಿಲ್ಲು ಕೇಳಿ ಪಡೆಯಿರಿ, ಬ್ಯಾಚ್ ನಂಬರ್ ಅದರಲ್ಲಿ ಬರೆಸಿ. 'ಬಿಲ್ ಇಲ್ಲದೆ ಐವತ್ತು ರೂಪಾಯಿ ಕಡಿಮೆ' ಎಂದರೆ ಆ ಬಾಟಲಿ ಅಲ್ಲೇ ಇರಲಿ.